ಏಳನೇ ಸ್ಟೇಜಿನ ಹೆಂಗಸು

ಹಿರೇಗುತ್ತಿ
4 ಜನವರಿ 2025

ಪ್ರೀತಿಯ ಪಮ್ಮಿಗೆ,

ಕಾಗದ ನೋಡಿ ಗಾಬರಿಯಾಗಬೇಡ. ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ. ಆಗಿದೆಯೋ ಇಲ್ಲವೋ ಎಂದು ನಿನ್ನನ್ನು ಕೇಳಿ ತಿಳಿಯಬೇಕೆಂದೇ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಆಡಿದ್ದನ್ನು ನಾಳೆ ನಾನು ಬೇರೆ ಥರ ನೆನಪಿಟ್ಟುಕೊಂಡರೆ? ಕಾಗದವಾದರೆ ಸಾಕ್ಷಿಗೆ ಇರುತ್ತದೆ. ಅಲ್ಲದೆ ನಿನ್ನತ್ತಿಗೆ ಮಹಾಲಕ್ಷ್ಮಿ ನನ್ನ ಫೋನ್ ನೋಡುತ್ತಾಳೆ, ಅವಳಿಗೆ ಇದು ಗೊತ್ತಾಗಬಾರದು. ಅದಕ್ಕೇ ನಿನ್ನ ಟೇಲರಿಂಗ್ ಅಂಗಡಿಯ ವಿಳಾಸಕ್ಕೆ ಹಾಕಿದ್ದೇನೆ. ನೀನೂ ಮನೆಗೆ ಬರೆಯಬೇಡ. ಕುಮಟೆಯಲ್ಲಿ ನಾನು ಕೆಲಸ ಮಾಡುವ ಮೆಡಿಕಲ್ ಶಾಪಿಗೆ ಬರೆ.

ನಿನ್ನಮ್ಮನಿಗೆ ಕಾಯಿಲೆಯೆಂದು ನಿನ್ನನ್ನು ಎರಡು ವರ್ಷ ನಮ್ಮಲ್ಲಿ ಬಿಟ್ಟಿದ್ದರಲ್ಲ, ಆಗ ನಾವು ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೋ ಗೇಮ್ ನೆನಪಿದೆಯೇ? ನಿನಗೆ ಹತ್ತು, ನನಗೆ ಹದಿಮೂರು. ಅಪ್ಪ ಭಟ್ಕಳದಿಂದ ತಂದದ್ದು, ದುಬೈ ಮಾಲು. ಹಳದಿ ಕ್ಯಾಸೆಟ್ಟು. ಸಿಕ್ಕಿಸುವ ಮುಂಚೆ ಅದರ ಹಲ್ಲಿಗೆ ಉಫ್ ಎಂದು ಊದುತ್ತಿದ್ದೆವು. ಅದರಲ್ಲಿದ್ದ ಒಂದಕ್ಕೆ ನಾವು ಬಳಚಿನ ಆಟ ಎಂದು ಹೆಸರಿಟ್ಟಿದ್ದೆವು. ನಿಜವಾದ ಹೆಸರು ನಮಗೆ ಓದಲು ಬರದ ಲಿಪಿಯಲ್ಲಿತ್ತು. ಕೆಂಪು ಚಡ್ಡಿಯವನೊಬ್ಬ ದೋಣಿಯಿಂದ ಹಾರಿ, ಏಡಿಗಳಿಂದ ತಪ್ಪಿಸಿಕೊಂಡು, ತಳದಲ್ಲಿ ಬಳಚಿನ ಚಿಪ್ಪು ಹೆಕ್ಕುತ್ತಾನೆ. ಅವನು ನಾನು. ಹಿಂದೆ ಬರುವ ನೀಲಿ ಮೀನು ನೀನು. ಚೆನ್ನಾಗಿಯೇ ಆಡುತ್ತಿದ್ದೆ ನೀನು. ಏಳನೇ ಸ್ಟೇಜಿನಲ್ಲಿ ಪರದೆ ಪೂರ್ತಿ ಕಪ್ಪಾಗುತ್ತಿತ್ತು, ರಾತ್ರಿಯ ಹೊಳೆ, ಗುಳ್ಳೆಗಳು ಮಾತ್ರ. ಆ ಕಪ್ಪಿನೊಳಗೆ ಬಲಗಡೆ ಒಬ್ಬಳು ಹೆಂಗಸು ಬಂದು ನಿಲ್ಲುತ್ತಿದ್ದಳು. ಬಹಳ ಹೊತ್ತು ಆಡಿದ ದಿನ ಮಾತ್ರ ಬರುತ್ತಿದ್ದಳು. ಏನೋ ಹೇಳುತ್ತಿದ್ದಳು ಕೂಡ. ಅವಳು ಹೇಗಿದ್ದಳು ಎಂದು ಬೇಕೆಂದೇ ಬರೆಯುತ್ತಿಲ್ಲ.

ನಿನಗೆ ಅವಳ ನೆನಪಿದೆಯೇ? ನನ್ನ ಪ್ರಶ್ನೆ ಇಷ್ಟೆ.

ಎರಡು ತಿಂಗಳಿಂದ ಹುಡುಕುತ್ತಿದ್ದೇನೆ. ಕಳೆದುಹೋದ ಆಟಗಳನ್ನು ಹುಡುಕುವವರದೇ ಒಂದು ಗುಂಪು ಇಂಟರ್ನೆಟ್ಟಿನಲ್ಲಿದೆ, ಧನ್ಯಾ ತೋರಿಸಿಕೊಟ್ಟಳು. ನನ್ನಂಥವರು ದಿನಕ್ಕೆ ನೂರಾರು ಜನ ಬಂದು ಕೇಳುತ್ತಾರೆ. ಒಬ್ಬನಿಗೆ ಒಂದು ಹಸಿರು ಏಣಿ ಮಾತ್ರ ನೆನಪಿದೆ, ಇನ್ನೊಬ್ಬಳಿಗೆ ಸೋತಾಗ ಬರುತ್ತಿದ್ದ ಶಬ್ದ. ಯಾರೋ ಎಲ್ಲಿಂದಲೋ ಹುಡುಕಿ ಕೊಡುತ್ತಾರೆ, ‘ಸಿಕ್ಕಿತು’ ಎಂದು ಗುರುತು ಬೀಳುತ್ತದೆ. ನನ್ನದಕ್ಕೆ ಹದಿನೆಂಟು ಉತ್ತರ ಬಂದವು. ಮುಳುಗುವ ಆಟಗಳು ಬೇಕಾದಷ್ಟಿವೆ, ಹೆಂಗಸು ಯಾವುದರಲ್ಲೂ ಇಲ್ಲ. ಒಬ್ಬ, ನೀವು ಎರಡು ಆಟ ಕಲಸಿಕೊಂಡಿದ್ದೀರಿ ಎಂದು ಬರೆದ. ಧನ್ಯಾ ಅದನ್ನೇ ಹಿಡಿದು, “ಅಪ್ಪಾ, ನಿಂಗೆ ವಯಸ್ಸಾತು” ಎಂದು ನಗುತ್ತಾಳೆ.

ಅವಳಿಗೇನು ಗೊತ್ತು. ಆಯಿಯ ಕಾಯಿಲೆ ಮರೆವಿನಿಂದ ಶುರುವಾಗಲಿಲ್ಲ ಪಮ್ಮಿ, ಇಲ್ಲದ್ದರ ನೆನಪಿನಿಂದ ಶುರುವಾಯಿತು. ತದಡಿಯಿಂದ ಸ್ಟೀಮರಿನಲ್ಲಿ ಬೊಂಬಾಯಿಗೆ ಹೋಗಿದ್ದೆ, ಪಕ್ಕದಲ್ಲಿ ಬಿಳೀ ಟೊಪ್ಪಿಯವನು ಕೂತಿದ್ದ ಎನ್ನುತ್ತಿದ್ದಳು. ಗೋವಾ ದಾಟದ ಹೆಂಗಸು. ನಾವೆಲ್ಲ ನಕ್ಕೆವು. ಆಗ ಅವಳಿಗೆ ಐವತ್ನಾಲ್ಕು. ಈಗ ಹೆತ್ತ ಮಗ ನನ್ನನ್ನೇ ನೋಡಿ ಡಾಕ್ಟರು ಬಂದರು ಎನ್ನುತ್ತಾಳೆ. ಮಗನಿಗೆ ಇನ್ನೂ ಮುಂಚೆಯೇ ಬರುವುದುಂಟಂತೆ.

ಕಳೆದ ತಿಂಗಳು ಅಂಗಡಿಗೆ ಕಾಗಾಲದ ಗಂಗಿ ಬಂದಿದ್ದಳು. ಅಕ್ಷರ ಬರದವಳು, ಗುಳಿಗೆಯನ್ನು ಬಣ್ಣದಿಂದ ಗುರುತಿಸುತ್ತಾಳೆ. “ತಮಾ, ನಂದು ಗುಲಾಬಿ ಗುಳಿಗೆ ಅಲ್ದಾ? ಇದೆಂತ ಬಿಳೇದು ಕೊಟ್ಟೆ?” ಎಂದಳು. ನೋಡಿದರೆ ಎರಡು ಪಟ್ಟು ಜೋರಿನದು. ಅವಳು ಕೇಳದಿದ್ದರೆ?

ಫೆಬ್ರವರಿ ಆರಕ್ಕೆ ಮಂಗಳೂರಿನಲ್ಲಿ ಪರೀಕ್ಷೆಗೆ ಹೆಸರು ಬರೆಸಿದ್ದೇನೆ. ಹನ್ನೊಂದು ವರ್ಷದಿಂದ ಆಯಿಯನ್ನು ನೋಡಿಕೊಳ್ಳುತ್ತಿರುವ ಮಹಾಲಕ್ಷ್ಮಿಗೆ, ಇನ್ನೊಬ್ಬನೂ ಸರದಿಯಲ್ಲಿದ್ದಾನೆ ಎಂದು ಹೇಗೆ ಹೇಳಲಿ? ಆ ಹೆಂಗಸು ನಿನಗೂ ನೆನಪಿದ್ದರೆ ನಾನು ನೆಟ್ಟಗಿದ್ದೇನೆ. ಬೇಗ ಬರೆ.

ನಿನ್ನ ನಿತ್ಯಣ್ಣ


ಜಾಲಿ, ಭಟ್ಕಳ
11 ಜನವರಿ 2025

ನಿತ್ಯಣ್ಣ,

ಮೂವತ್ತು ವರ್ಷದಲ್ಲಿ ನೀನು ನನಗೆ ಬರೆದ ಮೊದಲ ಕಾಗದ, ಅದೂ ಆಟದ ವಿಷಯ. ಪೋಸ್ಟ್‌ಮ್ಯಾನ್ ತಂದು ಮಿಷನ್ ಮೇಲಿಟ್ಟಾಗ ನಾನು ಬ್ಲೌಸಿಗೆ ತೋಳು ಕೂಡಿಸುತ್ತಿದ್ದೆ. ಓದಿ ಮುಗಿಸುವಷ್ಟರಲ್ಲಿ ಎರಡೂ ಎಡದ ತೋಳೇ ಆಗಿತ್ತು. ನಿನ್ನ ಲೆಕ್ಕದಲ್ಲಿ ನನಗೂ ಕಾಯಿಲೆ ಹಿಡಿದಿದೆ.

ನೆನಪಿಲ್ಲದೆ ಏನು? ಎಲ್ಲ ನೆನಪಿದೆ. ಟಿವಿ ಎಲ್ಲಿತ್ತು ಎಂಬುದೂ ನೆನಪಿದೆ. ನಮ್ಮ ಬೇರೆ ನೆಂಟರ ಮನೆಗಳಲ್ಲಿ ಟಿವಿ ಒಳಗೆ ಗೋಡೆ ಮೂಲೆಯಲ್ಲಿರುತ್ತಿತ್ತು. ನಿಮ್ಮಲ್ಲಿ ಮಾತ್ರ ಜಗಲಿ ಬಾಗಿಲಿಗೆ ಮುಖ ಮಾಡಿ ಇಟ್ಟಿದ್ದರು. ಭಾನುವಾರದ ಸಿನಿಮಾಕ್ಕೆ ಕೇರಿಗೆ ಕೇರಿಯೇ ಬಂದು ಜಗಲಿ ಮೇಲೆ, ಅಂಗಳದಲ್ಲಿ ಕೂರುತ್ತಿತ್ತಲ್ಲ. ಬೇರೆಯವರು ಕಾಣದ ಹಾಗೆ ಟಿವಿ ಇಡುವುದು ಬಾಗಿಲು ಹಾಕಿಕೊಂಡು ಉಂಡ ಹಾಗೆ ಎಂದು ಚಿಕ್ಕಪ್ಪ ಹೇಳುತ್ತಿದ್ದರು. ನಾವು ಆ ಬಾಗಿಲಿಗೆ ಬೆನ್ನು ಹಾಕಿ ನೆಲದಲ್ಲಿ ಕೂತು ಆಡುತ್ತಿದ್ದೆವು. ಬಲ್ಬು ಹಾಕಿದರೆ ವೋಲ್ಟೇಜ್ ಇಳಿದು ಚಿತ್ರ ಕುಗ್ಗುತ್ತದೆಂದು ದೀಪ ಹಾಕಲು ನೀನು ಬಿಡುತ್ತಿರಲಿಲ್ಲ.

ಆ ಹೆಂಗಸೂ ನೆನಪಿದ್ದಾಳೆ. ಏಳನೇ ಸ್ಟೇಜು, ಬಲಗಡೆ. ಸರಿಯಾ? ಇನ್ನು ನೆಮ್ಮದಿಯಾಗಿ ನಿದ್ದೆ ಮಾಡು.

ಗುಳಿಗೆ ತಪ್ಪುವುದು ಯಾರಿಗಿಲ್ಲ. ಚಿಕ್ಕಮ್ಮನಿಗೆ ನನ್ನ ನೆನಪು ಹೇಳು. ಗೊತ್ತಾಗದಿದ್ದರೂ ಹೇಳು.

ಪರಮೇಶ್ವರಿ


ಕುಮಟಾ
16 ಜನವರಿ 2025

ಪಮ್ಮಿ,

ನಿನ್ನ ಕಾಗದವನ್ನು ಅಂಗಡಿಯ ಕಪಾಟಿನ ಹಿಂದೆ ನಿಂತು ನಾಲ್ಕು ಸಲ ಓದಿದೆ. ಗಿರಾಕಿ ಬಂದು ಕರೆದರೂ ಕೇಳಲಿಲ್ಲ. ಎಷ್ಟು ದಿನದ ಮೇಲೆ ಹೊಟ್ಟೆತುಂಬ ಉಂಡೆ ಗೊತ್ತೇ? ಆಯಿಗೆ ನಿನ್ನ ನೆನಪು ಹೇಳಿದೆ. ಸೆರಗಿನ ಅಂಚು ಮಡಿಸುತ್ತಲೇ ಇದ್ದಳು.

ಮಂಗಳೂರಿಗೆ ಫೋನ್ ಮಾಡಿ ಆರನೇ ತಾರೀಕಿನದನ್ನು ರದ್ದು ಮಾಡಿಸಿದೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರಲ್ಲ, ಹಾಗೆ. ಇನ್ನು ಮಹಾಲಕ್ಷ್ಮಿಗೆ ಹೇಳುವ ಪ್ರಮೇಯವೇ ಇಲ್ಲ.

ಗುಂಪಿನಲ್ಲೂ ಬರೆದೆ, ನನ್ನ ತಂಗಿಗೂ ಆ ಹೆಂಗಸು ನೆನಪಿದ್ದಾಳೆ ಎಂದು. ಅವರಿಗೆ ಒಂದು ಕ್ರಮವಿದೆ. ಇಬ್ಬರು ಸಾಕ್ಷಿಗಳಿದ್ದರೆ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುವ ಮೊದಲೇ ಬೇರೆಬೇರೆಯಾಗಿ ಬರೆಸಿ ತಾಳೆ ನೋಡುತ್ತಾರೆ. ಎರಡೂ ಹೊಂದಿದರೆ ಆಟ ಇತ್ತು ಎಂದು ಲೆಕ್ಕ. ಆಮೇಲೆ ಹಳೆಯ ಕ್ಯಾಸೆಟ್ಟು ಕೂಡಿಸಿಟ್ಟವರು ತಮ್ಮ ಪೆಟ್ಟಿಗೆ ತೆಗೆದು ಒಂದೊಂದೇ ಹಾಕಿ ನೋಡುತ್ತಾರಂತೆ. ಊರು ಕೇರಿ ಗೊತ್ತಿಲ್ಲದವರು, ನನಗೋಸ್ಕರ.

ನಾನು ಬರೆದು ಕಳಿಸಿದ್ದೇನೆ. ನೀನು ನಿನ್ನದನ್ನು ಬರೆ. ಸೀರೆಯ ಬಣ್ಣ ಯಾವುದು, ಮುಖ ಹೇಗಿತ್ತು, ಕೈಯಲ್ಲಿ ಏನಿತ್ತು. ಯೋಚಿಸಿ ಬರೆಯಬೇಡ, ಕಂಡದ್ದು ಕಂಡ ಹಾಗೆ ಬರೆ.

ನಿತ್ಯಾನಂದ


ಜಾಲಿ
25 ಜನವರಿ 2025

ನಿತ್ಯಣ್ಣ,

ಪರೀಕ್ಷೆ ಯಾಕೆ ರದ್ದು ಮಾಡಿದೆ? ನಾನು ಹಾಗೆ ಹೇಳಿದ್ದೆನೇ? ಆಟ ಬೇರೆ, ಆಸ್ಪತ್ರೆ ಬೇರೆ. ಮತ್ತೆ ಹೆಸರು ಬರೆಸು.

ಹೆಂಗಸಿನ ವಿಷಯ ಕೇಳಿದೆ. ಇಷ್ಟು ವರ್ಷವಾಯಿತು, ಆದರೂ ಹೇಳುತ್ತೇನೆ. ಕೆಂಪು ಸೀರೆ. ಸೊಂಟದ ಮೇಲೆ ಒಂದು ಕೊಡ ಇತ್ತು. ನಗುತ್ತಿದ್ದಳು ಎಂದು ಕಾಣುತ್ತದೆ. ನಿನ್ನದೂ ಇದೇ ಇರಬೇಕು ಅಲ್ಲವಾ?

ಮದುವೆ ಸೀಸನ್, ಅಂಗಡಿಯಲ್ಲಿ ಕೂರಲು ಪುರುಸೊತ್ತಿಲ್ಲ. ಇಷ್ಟಕ್ಕೇ ನಿಲ್ಲಿಸುತ್ತೇನೆ. ಮಂಗಳೂರಿಗೆ ಫೋನ್ ಮಾಡು, ಮರೆಯಬೇಡ.

ಪಮ್ಮಿ


ಹಿರೇಗುತ್ತಿ
30 ಜನವರಿ 2025

ಪರಮೇಶ್ವರಿ,

ಮರೆಯಬೇಡ ಎಂದು ಬರೆದೆಯಲ್ಲ, ಒಳ್ಳೆಯ ಮಾತು.

ನಾನು ಗುಂಪಿಗೆ ಬರೆದು ಕಳಿಸಿದ್ದು ಇದು. ಸೀರೆಗೆ ಬಣ್ಣವಿರಲಿಲ್ಲ. ಅವಳು ಪೂರ್ತಿ ಕಪ್ಪು, ಕಪ್ಪಿನ ಮೇಲೆ ಕಪ್ಪು. ಹಿಂದೆ ಹೊತ್ತು ಮುಳುಗುವಾಗಿನಂಥ ಬೆಳಕು, ಅದರಿಂದಲೇ ಅವಳು ಕಾಣುತ್ತಿದ್ದಳು. ಮುಖ ಕಾಣುತ್ತಿರಲಿಲ್ಲ. ಒಂದು ಕೈ ತಲೆಗಿಂತ ಮೇಲೆ ಎತ್ತಿ ಏನನ್ನೋ ಹಿಡಿದುಕೊಂಡಿದ್ದಳು. ಕೊಡ ಇರಲಿಲ್ಲ, ನಗುವೂ ಇರಲಿಲ್ಲ.

ನಿನಗೆ ಅಷ್ಟು ಸ್ಪಷ್ಟವಾಗಿ ನೆನಪಿದೆ. ಸೀರೆಯ ಬಣ್ಣದ ಸಮೇತ. ಹಾಗಾದರೆ ಆಟ ಇತ್ತು, ಹೆಂಗಸೂ ಇದ್ದಳು, ನನ್ನ ತಲೆಯೊಳಗೆ ಅವಳು ಬೇರೆ ಯಾರೋ ಆಗಿಬಿಟ್ಟಿದ್ದಾಳೆ. ಆಯಿಯ ಸ್ಟೀಮರಿನಂತೆ. ಒಂದು ನೆನಪು ಹೀಗೆ ತಿರುಗಿದ ಮೇಲೆ ಉಳಿದವುಗಳ ಗತಿ ಏನು? ನಿನ್ನೆಯಿಂದ ಒಂದೊಂದನ್ನೇ ತೆಗೆದು ನೋಡುತ್ತಿದ್ದೇನೆ. ಧನ್ಯಾ ಹುಟ್ಟಿದ ದಿನ ಮಳೆ ಇತ್ತೆಂದು ನನ್ನ ನೆನಪು. ಇತ್ತೇ? ಮಹಾಲಕ್ಷ್ಮಿಯನ್ನು ಕೇಳಲು ಹೆದರಿಕೆ.

ಅಂಗಡಿಗೆ ಹೋಗುವುದನ್ನು ನಿಲ್ಲಿಸಿದೆ. ಸೊಂಟ ನೋವೆಂದು ಸುಳ್ಳು ಹೇಳಿ ರಜೆ ಹಾಕಿದ್ದೇನೆ. ಗಂಗಿಯಾದರೆ ಬಣ್ಣ ನೋಡಿ ಕೇಳಿದಳು, ಮುಂದಿನವಳು ಕೇಳದೆ ನುಂಗಿದರೆ? ಮಂಗಳೂರಿಗೂ ಹೋಗುವುದಿಲ್ಲ. ಗೊತ್ತಿರುವುದನ್ನು ದುಡ್ಡು ಕೊಟ್ಟು ಹೇಳಿಸಿಕೊಳ್ಳುವುದೇಕೆ? ಹಗಲೆಲ್ಲ ಆಯಿಯ ಎದುರು ಕೂತಿರುತ್ತೇನೆ. ಅವಳು ಸೆರಗಿನ ಅಂಚನ್ನು ಮಡಿಸುತ್ತಾಳೆ, ಬಿಚ್ಚುತ್ತಾಳೆ. ನನ್ನ ಮುಂದಿನ ದಿನಗಳನ್ನು ನೋಡುತ್ತಿದ್ದೇನೆ ಅನಿಸುತ್ತದೆ.

ನಿನ್ನ ತಪ್ಪೇನಿಲ್ಲ, ಕೇಳಿದ್ದಕ್ಕೆ ಹೇಳಿದೆ. ಇನ್ನು ಅಂಗಡಿಗೆ ಬರೆಯಬೇಡ, ನಾನಲ್ಲಿ ಇರುವುದಿಲ್ಲ. ಬರೆಯದಿದ್ದರೂ ಆದೀತು.

ನಿತ್ಯಾನಂದ


ಜಾಲಿ
9 ಮಾರ್ಚ್ 2025

ನಿತ್ಯಣ್ಣ,

ಈ ಕಾಗದವನ್ನು ಮನೆಯ ವಿಳಾಸಕ್ಕೇ ಹಾಕಿದ್ದೇನೆ. ಮಹಾಲಕ್ಷ್ಮಿ ಅತ್ತಿಗೆ ಒಡೆದು ಓದಿದರೆ ಓದಲಿ. ಓದಬೇಕು.

ಮೊದಲು ತಪ್ಪೊಪ್ಪಿಗೆ. ನಾನು ಸುಳ್ಳು ಹೇಳಿದೆ. ಆ ಹೆಂಗಸು ನನಗೆ ನೆನಪಿಲ್ಲ. ಕೆಂಪು ಸೀರೆ, ಕೊಡ, ನಗು ಎಲ್ಲ ನಾನು ಹೊಲಿದದ್ದು. ಕಟ್ಟಿಂಗ್ ಮೇಜಿನ ಮೇಲೆ ಒಂದು ಕೆಂಪು ರೇಷ್ಮೆ ಬಿದ್ದಿತ್ತು, ಅದನ್ನು ನೋಡಿ ಬರೆದೆ. ಹ್ಞೂಂ ಎಂದರೆ ನಿನಗೆ ಸಮಾಧಾನವಾದೀತು ಅಂದುಕೊಂಡೆ. ನೀನು ಪರೀಕ್ಷೆ ಬಿಡುತ್ತೀಯೆಂದು ಗೊತ್ತಿದ್ದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ. ಕೊನೆಯ ಕಾಗದ ಓದಿದ ದಿನದಿಂದ ನನಗೆ ಊಟ ಸೇರಿಲ್ಲ. ಐದು ವಾರ ಬರೆಯಲಿಲ್ಲ ಯಾಕೆಂದರೆ, ಬರೀ ‘ಸುಳ್ಳು ಹೇಳಿದೆ’ ಎಂದು ಬರೆದರೆ ಹೆಂಗಸು ಎಲ್ಲಿಯೂ ಇಲ್ಲವೆಂದಾಗುತ್ತದೆ, ನೀನು ಇನ್ನೂ ಕೆಳಗೆ ಬೀಳುತ್ತೀಯ. ಕೈಯಲ್ಲಿ ಏನಾದರೂ ಹಿಡಿದು ಬರೆಯಬೇಕಿತ್ತು.

ಎರಡನೆಯದನ್ನೂ ಹೇಳಿಬಿಡುತ್ತೇನೆ. ಏಳನೇ ಸ್ಟೇಜು ನನಗೆ ಹೇಗೆ ನೆನಪಿರಬೇಕು? ನಾನು ಆಡಲೇ ಇಲ್ಲ. ನನ್ನ ರಿಮೋಟಿನ ವೈರನ್ನು ನೀನು ಆಟದ ಪೆಟ್ಟಿಗೆಗೆ ಸಿಕ್ಕಿಸಿರಲೇ ಇಲ್ಲ. ಆ ನೀಲಿ ಮೀನು ತನ್ನಷ್ಟಕ್ಕೆ ತಾನೇ ಈಜುತ್ತಿತ್ತು. ಮೂರನೇ ದಿನವೇ ನನಗೆ ಗೊತ್ತಾಯಿತು. ಆದರೂ ಎರಡು ವರ್ಷ ಗುಂಡಿ ಒತ್ತಿದೆ. ಅಮ್ಮ ಮಣಿಪಾಲದಲ್ಲಿ ಮಲಗಿದ್ದಾಗ ನಿನ್ನ ಪಕ್ಕ ಕೂರಲು ನನಗೊಂದು ಜಾಗ ಇತ್ತಲ್ಲ, ಅಷ್ಟು ಸಾಕಿತ್ತು. ಜಗಳಕ್ಕೆ ಬರೆಯುತ್ತಿಲ್ಲ. ಚೆನ್ನಾಗಿಯೇ ಆಡುತ್ತಿದ್ದೆ ಎಂದು ನೀನು ಬರೆದಾಗ ಮಾತ್ರ ಸ್ವಲ್ಪ ಚುಚ್ಚಿತು.

ಈಗ ಮುಖ್ಯ ವಿಷಯ. ಆಟ ಸಿಕ್ಕಿದೆ.

ನಮ್ಮ ಪಕ್ಕದ ಮನೆಯ ನವಾಯತಿ ಅಜ್ಜಿಯ ಗಂಡುಮಕ್ಕಳು ಮೂವರೂ ದುಬೈಯಲ್ಲಿದ್ದಾರೆ. ಅವರು ಚಿಕ್ಕವರಿದ್ದಾಗ ಅವರಪ್ಪ ಅಲ್ಲಿಂದ ತಂದುಕೊಟ್ಟ ಸಾಮಾನೆಲ್ಲ ಅಟ್ಟದ ಮೇಲೆ ಪೆಟ್ಟಿಗೆಯಲ್ಲಿದೆ. ಅಜ್ಜಿ ಒಂದನ್ನೂ ಬಿಸಾಡಿಲ್ಲ. ಕೇಳಿದೆ. ಇಪ್ಪತ್ತೇಳು ಕ್ಯಾಸೆಟ್ಟು, ಒಂದು ಆಡುವ ಪೆಟ್ಟಿಗೆ, ಎರಡು ರಿಮೋಟು. ಅವನ್ನು ಚೀಲಕ್ಕೆ ತುಂಬಿಕೊಂಡು ಹೊನ್ನಾವರದ ಬಸ್ಸು ಹತ್ತಿದೆ. ಅಲ್ಲಿ ಟಿವಿ ರಿಪೇರಿ ಮಾಡುವ ದೇವು ಇದ್ದಾನೆ, ಹಿಂದೆ ಹೊಟ್ಟೆ ಇರುವ ಹಳೇ ಟಿವಿಗಳನ್ನು ಇನ್ನೂ ಮುಟ್ಟುವವನು ಅವನೊಬ್ಬನೇ. ಕ್ಯಾಸೆಟ್ಟಿನ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಒಂದೊಂದೇ ಹಾಕಿದ. ಹತ್ತೊಂಬತ್ತನೆಯದು ಹಳದಿ. ಅದರ ಪಟ್ಟಿಯಲ್ಲಿ ಮೂವತ್ತೊಂದನೆಯದು ಒತ್ತಿದರೆ ದೋಣಿ, ಕೆಂಪು ಚಡ್ಡಿ, ಏಡಿ. ನಾನು ಅಂಗಡಿಯಲ್ಲಿ ನಿಂತೇ ಅತ್ತೆ. ನಿನ್ನ ಅರ್ಧ ನೆನಪು ನಿಜವೆಂದು ಗೊತ್ತಾಯಿತಲ್ಲ.

ದೇವು ಏಳನೇ ಸ್ಟೇಜಿನವರೆಗೆ ಆಡಿ ತೋರಿಸಿದ. ಪರದೆ ಕಪ್ಪಾಯಿತು. ಗುಳ್ಳೆ ಬಂತು, ಅಷ್ಟೆ. “ಅಕ್ಕಾ, ಇದ್ರಲ್ಲಿ ಯಾವ ಹೆಂಗ್ಸೂ ಇಲ್ಲ. ಏಡಿ ಬಿಟ್ರೆ ಎಂತದೂ ಇಲ್ಲ” ಎಂದ. ಮೂರು ಸಲ ಆಡಿಸಿದೆ. ಇರಲಿಲ್ಲ.

ಆ ಸಂಜೆ ಬಸ್ಸಿನಲ್ಲಿ ಬರುವಾಗ ಇದನ್ನು ನಿನಗೆ ಹೇಗೆ ತಿಳಿಸಲಿ ಎಂದು ಯೋಚಿಸುತ್ತಿದ್ದೆ. ಬಹಳ ಹೊತ್ತು ಆಡಿದರೆ ಮಾತ್ರ ಬರುತ್ತಿದ್ದಳು ಎಂದು ನೀನು ಬರೆದದ್ದು ನೆನಪಾಗಿ, ಮರುದಿನ ದೇವುವಿನಿಂದ ಟಿವಿಯನ್ನೂ ತರಿಸಿಕೊಂಡೆ. ಹದಿನೈದು ದಿನ ಆಡಿದೆ ಅಣ್ಣ. ಈ ವಯಸ್ಸಿನಲ್ಲಿ, ವೈರು ಸಿಕ್ಕಿಸಿದ ರಿಮೋಟು ಮೊದಲ ಸಲ ಹಿಡಿದು. ಏಡಿ ಕಚ್ಚಿ ಕಚ್ಚಿ ಸತ್ತೆ. ನಾನೇ ಏಳನೇ ಸ್ಟೇಜಿಗೆ ಹೋದೆ, ಗಂಟೆಗಟ್ಟಲೆ ಕೂತೆ. ಅವಳು ಬರಲಿಲ್ಲ.

ಮೊನ್ನೆ ಶುಕ್ರವಾರ ಕೇರಿಯ ಹೆಂಗಸರೆಲ್ಲ ಟೇಲರಕ್ಕನಿಗೆ ಎಂತಾ ಆತು ಎಂದು ನೋಡಲು ಬಂದರು. ಒಳಗೆ ಜಾಗ ಸಾಲದೆ ಜಗಲಿಯಲ್ಲಿ ಕೂತರು. ಅವರಿಗೂ ಕಾಣಲಿ ಎಂದು ನಾನು ಎದ್ದು ಟಿವಿಯನ್ನು ಬಾಗಿಲಿನ ಕಡೆ ತಿರುಗಿಸಿದೆ. ನಾನು ಬಾಗಿಲಿಗೆ ಬೆನ್ನು ಹಾಕಿ ನೆಲದಲ್ಲಿ ಕೂತೆ. ಏಳನೇ ಸ್ಟೇಜು ಬಂದಾಗ ಹೊತ್ತು ಇಳಿಯುತ್ತಿತ್ತು. ಪರದೆ ಕಪ್ಪಾಯಿತು. ಬಲಗಡೆ ಅವಳು ನಿಂತಿದ್ದಳು. ಕಪ್ಪು ಮೈ, ಹಿಂದೆ ಬೆಳಕು, ಮುಖ ಇಲ್ಲ. ಒಂದು ಕೈ ತಲೆಗಿಂತ ಮೇಲೆ.

ತಿರುಗಿ ನೋಡಿದೆ. ನವಾಯತಿ ಅಜ್ಜಿ. ತನ್ನ ಮಕ್ಕಳು ಏನು ಆಡುತ್ತಿದ್ದರೆಂದು ನೋಡಲು ಬಂದವಳು, ಬಾಗಿಲ ದಾರಂದದ ಮೇಲಿನ ಪಟ್ಟಿ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದಳು.

ನಿತ್ಯಣ್ಣ, ಅವಳು ಆಟದಲ್ಲಿ ಇರಲಿಲ್ಲ, ಗಾಜಿನಲ್ಲಿದ್ದಳು. ನೀನು ಕಂಡದ್ದನ್ನು ಕಂಡ ಹಾಗೆಯೇ ನೆನಪಿಟ್ಟುಕೊಂಡಿದ್ದೀಯ. ಹಿಂತಿರುಗಿ ನೋಡಿರಲಿಲ್ಲ, ಅಷ್ಟೆ. ನಾನು ನೋಡುತ್ತಿದ್ದೆ. ಆಡಲು ಏನೂ ಇಲ್ಲದವಳಿಗೆ ಬೇರೆ ಕೆಲಸವೇನು? ಕತ್ತಲಾಗುವ ಹೊತ್ತಿಗೆ ಚಿಕ್ಕಮ್ಮ ಅಂಗಳದಿಂದ ಬಂದು ಆ ಬಾಗಿಲಲ್ಲಿ ಕೈ ಮೇಲೆ ಮಾಡಿ ನಿಲ್ಲುತ್ತಿದ್ದಳು. ನಾವು ಬಹಳ ಹೊತ್ತು ಆಡಿದ ದಿನ. ಏನೋ ಹೇಳುತ್ತಿದ್ದಳು. ಆ ಮಾತು ಮಾತ್ರ ನನಗೆ ನೆನಪಿಲ್ಲ, ಇದು ಸುಳ್ಳಲ್ಲ.

ಇದರಿಂದ ನಿನಗೆ ಕಾಯಿಲೆ ಇಲ್ಲವೆಂದು ನಾನು ಹೇಳುವುದಿಲ್ಲ. ಒಮ್ಮೆ ಡಾಕ್ಟರಾಗಿ ಸಾಕಾಗಿದೆ. ಮಂಗಳೂರಿಗೆ ಹೋಗು, ಅತ್ತಿಗೆಯನ್ನು ಕರೆದುಕೊಂಡೇ ಹೋಗು. ಟಿವಿ, ಪೆಟ್ಟಿಗೆ, ಕ್ಯಾಸೆಟ್ಟು ಎಲ್ಲವನ್ನೂ ದೇವು ತನ್ನ ಗಾಡಿಯಲ್ಲಿ ತಂದುಕೊಡುತ್ತಾನೆ. ನಿಮ್ಮ ಹೊಸ ಟಿವಿಗೆ ಹಾಕಬೇಡ, ಅದರ ಗಾಜಿನಲ್ಲಿ ಯಾರೂ ಕಾಣುವುದಿಲ್ಲ.

ಪಮ್ಮಿ


ಹಿರೇಗುತ್ತಿ
30 ಮಾರ್ಚ್ 2025

ಪಮ್ಮಿ,

ನಿನ್ನ ಕಾಗದವನ್ನು ಮಹಾಲಕ್ಷ್ಮಿಯೇ ಒಡೆದಳು. ಅಡುಗೆಮನೆಯಲ್ಲಿ ನಿಂತು ಓದಿ, ನನ್ನ ಕೈಗೆ ಕೊಟ್ಟು, “ಹನ್ನೊಂದು ವರ್ಷ ಆಯಿಯನ್ನ ನೋಡ್ದವ್ಳಿಗೆ ನಿಮ್ಮ ಮುಖ ನೋಡಿದ್ರೆ ಗೊತ್ತಾಗೂದಿಲ್ವಾ? ಸೊಂಟ ನೋವಂತೆ” ಎಂದಳು. ನವೆಂಬರಿನಿಂದ ಅವಳಿಗೆ ಗೊತ್ತಿತ್ತು. ನಾನಾಗಿ ಹೇಳಲಿ ಎಂದು ಕಾಯುತ್ತಿದ್ದಳಂತೆ. ಧನ್ಯಾ ಹುಟ್ಟಿದ ದಿನದ್ದನ್ನೂ ಕೇಳಿದೆ. ಮಳೆ ಇತ್ತಂತೆ.

ಇಪ್ಪತ್ತೊಂದಕ್ಕೆ ಮಂಗಳೂರಿಗೆ ಹೋಗಿಬಂದೆವು. ಚಿತ್ರ ತೋರಿಸಿ ಹೆಸರು ಕೇಳಿದರು, ನೂರರಿಂದ ಏಳೇಳು ಕಳೆಯಿಸಿದರು, ತಲೆಯ ಸ್ಕ್ಯಾನ್ ಮಾಡಿದರು. ಸದ್ಯಕ್ಕೆ ಹೆದರುವಂಥದ್ದು ಕಾಣುವುದಿಲ್ಲ, ನಿದ್ದೆ ಇಲ್ಲ, ವಿಟಮಿನ್ ಕಡಿಮೆ ಇದೆ, ಒಂದು ವರ್ಷ ಬಿಟ್ಟು ಮತ್ತೆ ಬನ್ನಿ ಎಂದರು. ಮತ್ತೆ ಬನ್ನಿ ಎಂದದ್ದು ಇನ್ನೂ ಕಿವಿಯಲ್ಲಿದೆ. ಹೆದರಿಕೆ ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ, ಸುಳ್ಳು ಸಾಕು. ಸೋಮವಾರದಿಂದ ಅಂಗಡಿಗೆ ಹೋಗುತ್ತೇನೆ. ಪ್ರತಿ ಚೀಟಿಯನ್ನೂ ಗಿರಾಕಿಯ ಎದುರು ಜೋರಾಗಿ ಓದಿ ಕೊಡುವುದೆಂದು ಮಾಲೀಕರ ಜೊತೆ ಮಾತಾಗಿದೆ.

ಸುಳ್ಳಿನ ವಿಷಯ ಬಂತಲ್ಲ. ನಿನ್ನ ರಿಮೋಟಿನ ವೈರಿನ ಸಂಗತಿ ನಾನು ಮರೆತಿರಲಿಲ್ಲ ಪಮ್ಮಿ. ಮೊದಲ ಕಾಗದ ಬರೆಯುವಾಗಲೂ ಗೊತ್ತಿತ್ತು. ಆಡಲು ಬಿಡದವಳನ್ನೇ ಸಾಕ್ಷಿಗೆ ಕರೆದೆ, ಮೇಲಿಂದ ಚೆನ್ನಾಗಿ ಆಡುತ್ತಿದ್ದೆ ಎಂದು ಬೆಣ್ಣೆ ಹಚ್ಚಿದೆ. ನಾಚಿಕೆಯಾಗುತ್ತದೆ. ಅಮ್ಮ ಆಸ್ಪತ್ರೆಯಲ್ಲಿದ್ದ ಹುಡುಗಿಗೆ ಒಂದು ಮೀನು ಆಡಿಸಲು ಬಿಡಬಹುದಿತ್ತು.

ದೇವು ನಿನ್ನೆ ಟಿವಿ ತಂದ. ಮಹಾಲಕ್ಷ್ಮಿಯೂ ಧನ್ಯಾಳೂ ಸೇರಿ ಅದನ್ನು ಹಳೆಯ ಜಾಗದಲ್ಲೇ, ಜಗಲಿಗೆ ಮುಖ ಮಾಡಿ ಇಟ್ಟರು. ಸಂಜೆ ನಾನು ನೆಲದಲ್ಲಿ ಕೂತೆ. ಕೈ ಮರೆತಿರಲಿಲ್ಲ, ಏಡಿಗಳು ಎಲ್ಲಿಂದ ಬರುತ್ತವೆಂದು ಬೆರಳಿಗೆ ಗೊತ್ತಿತ್ತು. ಆಯಿ ಜಗಲಿಯ ಕುರ್ಚಿಯಲ್ಲಿದ್ದಳು. ಈ ಆಟದ ಟಿಂವ್ ಟಿಂವ್ ಶಬ್ದ ಶುರುವಾದ ಮೇಲೆ ಸೆರಗು ಮಡಿಸುವುದನ್ನು ನಿಲ್ಲಿಸಿದಳೆಂದು ಧನ್ಯಾ ಆಮೇಲೆ ಹೇಳಿದಳು.

ಏಳನೇ ಸ್ಟೇಜು. ಪರದೆ ಕಪ್ಪಾಯಿತು. ಗಾಜಿನಲ್ಲಿ ಬಾಗಿಲು ಕಂಡಿತು, ಖಾಲಿ. ನಾನು ಕಾದೆ. ಹಿಂದೆ ಕುರ್ಚಿ ಕಿರ್ರೆಂದಿತು, ಕಾಲೆಳೆಯುವ ಸಪ್ಪಳ. ಅವಳು ಬಂದು ನಿಂತಳು. ಮೊದಲಿಗಿಂತ ಗಿಡ್ಡ, ಸ್ವಲ್ಪ ಬಾಗಿದ್ದಾಳೆ. ಕೈ ಮೇಲಿನ ಪಟ್ಟಿಗೆ ಎಟುಕಲಿಲ್ಲ, ಆದರೂ ಎತ್ತಿದಳು. ಈ ಸಲ ನಾನು ತಿರುಗಿ ನೋಡಿದೆ.

ನನ್ನ ಹೆಸರು ಹೇಳಲಿಲ್ಲ. ಯಾರೆಂದು ಗೊತ್ತಾಯಿತೋ ಇಲ್ಲವೋ ತಿಳಿಯದು. ಸಿಟ್ಟಿನ ದನಿಯಲ್ಲಿ, ಅಂಗಳದಲ್ಲಿ ಕೆಲಸ ಬಿಟ್ಟು ಬಂದವಳ ಹಾಗೆ ಹೇಳಿದಳು:

“ಸಾಕಾತು ನಿಂದು. ಪಮ್ಮಿಗೂ ಒಂದ್ ಸಲ ಕೊಡೋ.”

ಪಮ್ಮಿ, ಎರಡನೇ ರಿಮೋಟಿನ ವೈರನ್ನು ಪೆಟ್ಟಿಗೆಗೆ ಸಿಕ್ಕಿಸಿಟ್ಟಿದ್ದೇನೆ. ಬಂದು ಹೋಗು.

ನಿತ್ಯಣ್ಣ